ಹೊಲಿಗೆ ಬಿದ್ದ ಪ್ಲಾಟಿಪಸ್

ನಾನು ಒಂದು ಪ್ಲಾಟಿಪಸ್. ಆಸ್ಟ್ರೇಲಿಯಾದ ಹೊಳೆಯ ದಂಡೆಯೊಂದರ ಬಿಲದಲ್ಲಿ ಮೊಟ್ಟೆಯೊಡೆದು ಹುಟ್ಟಿದೆ. ಹಾಗಂತ ಹಕ್ಕಿಯಲ್ಲ, ಅವ್ವನ ಹಾಲು ಕುಡಿದೇ ಬೆಳೆದೆ. ಅವಳಿಗೆ ಮೊಲೆತೊಟ್ಟಿರಲಿಲ್ಲ, ಹೊಟ್ಟೆಯ ಕೂದಲಿಗೆ ಜಿನುಗಿದ್ದನ್ನು ನೆಕ್ಕುತ್ತಿದ್ದೆ. ನೀರಿಗಿಳಿದರೆ ಕಣ್ಣು, ಕಿವಿ, ಮೂಗು ಎಲ್ಲ ಬಂದ್. ಸಿಗಡಿ ಮೈ ಅಲುಗಿಸಿದಾಗ ಹೊಮ್ಮುವ ಚೂರು ವಿದ್ಯುತ್ತನ್ನು ಬಾತುಕೋಳಿಯಂಥ ಕೊಕ್ಕಿನಿಂದಲೇ ಹಿಡಿಯುತ್ತಿದ್ದೆ. ಗಂಡಾದ್ದರಿಂದ ಹಿಂಗಾಲಲ್ಲಿ ವಿಷದ ಮುಳ್ಳು ಬೇರೆ. ಇದನ್ನೆಲ್ಲ ಹೇಳಿ ಹೇಳಿ ನನಗೇ ಸಾಕಾಗಿದೆ.

ಮೀನಿನ ಬಲೆಗೆ ಸಿಕ್ಕು, ಉಸಿರುಗಟ್ಟಿ ಸತ್ತೆ. ಯಾರೋ ಚರ್ಮ ಸುಲಿದು ಹತ್ತಿ ತುಂಬಿದರು. ಕೈಯಿಂದ ಕೈಗೆ ದಾಟಿ ಧಾರವಾಡದ ಒಂದು ಕಾಲೇಜಿಗೆ ಬಂದು, ಪ್ರಾಣಿಶಾಸ್ತ್ರ ವಿಭಾಗದ ಗಾಜಿನ ಕಪಾಟು ಸೇರಿದೆ. ಎಡಕ್ಕೆ ಉಡ, ಬಲಕ್ಕೆ ಮುಂಗುಸಿ. ಅವುಗಳ ಹೆಸರು ಓದಿ ಮುಂದೆ ಹೋಗುವವರು ನನ್ನ ಮುಂದೆ ನಿಂತು ನಗುತ್ತಿದ್ದರು. ವಿಭಾಗದ ಮುಖ್ಯಸ್ಥೆ ನೀಲಾಂಬಿಕಾ ಹಂಚಿನಾಳ ಮೇಡಂ ಮಾತ್ರ ನಗಲಿಲ್ಲ. ವರ್ಷಕ್ಕೊಮ್ಮೆ ನನ್ನನ್ನು ಮೇಜಿನ ಮೇಲಿಟ್ಟು ಪಾಠ ಮಾಡುತ್ತಿದ್ದರು. ಆಗಷ್ಟೇ ನಾನೂ ಒಂದು ಪ್ರಾಣಿ ಅನ್ನಿಸುತ್ತಿತ್ತು.

ಈ ವರ್ಷ ತಪಾಸಣೆ ಸಮಿತಿ ಬರುವುದಿತ್ತು. ಸಮಿತಿ ಅಂದರೆ ಕಾಲೇಜಿನಲ್ಲಿ ಅಲ್ಲಾಡುವುದಕ್ಕೆಲ್ಲ ಮೊಳೆ, ಮಾಸಿದ್ದಕ್ಕೆಲ್ಲ ಬಣ್ಣ. ನನ್ನ ಕೊಕ್ಕು ಸಡಿಲಾಗಿದ್ದು ಜವಾನ ಇಮಾಮಸಾಬನ ಕಣ್ಣಿಗೆ ಬಿತ್ತು. ಪಾಪ, ಪ್ರೀತಿಯಿಂದಲೇ ಚಪ್ಪಲಿ ಹೊಲಿಯುವ ದಾರ ತಂದು ಬಿಗಿಯಾಗಿ ಹೊಲಿದ. ಮೇಲೆ, ಕಿಟಕಿಗೆ ಹಚ್ಚಿ ಉಳಿದಿದ್ದ ಹಳದಿ ಬಣ್ಣ ಬಳಿದ.

ಸಮಿತಿಯ ಹಿರಿಯರಾದ ಕೊಣ್ಣೂರ ಸರ್ ಅರ್ಥಶಾಸ್ತ್ರದವರು. ನನ್ನನ್ನು ಎತ್ತಿ ತಿರುಗಿಸಿ ನೋಡಿದರು.

“ಮೇಡಂ, ಇದನ್ನ ಯಾರೋ ಹೊಲದಾರಲ್ರೀ! ಸುಳ್ಳು ಪ್ರಾಣಿ ಇಟ್ಟು ಹುಡುಗರಿಗೆ ಕಲಸ್ತೀರೇನು? ತಗಸ್ರಿ ಇದನ್ನ.”

ಕಪಾಟಿನಿಂದ ಹೊರಬಿದ್ದರೆ ಮತ್ತೆ ಯಾರೂ ನನ್ನನ್ನು ಪ್ರಾಣಿ ಅನ್ನುವುದಿಲ್ಲ. ನನಗೆ ಭಯವಾಯಿತು.

“ಹೊಲಿಗಿ ಮೊನ್ನೆ ಹಾಕಿದ್ದು, ಸರ್. ಪ್ರಾಣಿ ಖರೇನ ಐತಿ,” ಅಂದರು ಮೇಡಂ. “ತತ್ತಿನೂ ಇಡ್ತೈತಿ, ಹಾಲೂ ಕುಡಸ್ತೈತಿ.”

“ಎರಡೂ?”

“ಹೂಂರೀ. ಗಂಡಿಗೆ ಹಾವಿನಂಗ ವಿಷ ಐತಿ. ಹೊಟ್ಟ್ಯಾಗ ಜಠರನ ಇಲ್ಲ. ಗಂಡೋ ಹೆಣ್ಣೋ ಅಂತ ಠರಾಯಿಸೋ ವರ್ಣತಂತು ನಮಗ ಎರಡು, ಇದಕ್ಕ ಹತ್ತು. ಅದರಾಗ ಕೆಲವು ಹಕ್ಕೀದನ್ನ ಹೋಲ್ತಾವು.”

ಅವರು ಹೇಳಿದ್ದು ಅಕ್ಷರಶಃ ನಿಜ. ಒಂದೊಂದು ನಿಜಕ್ಕೂ ನಾನು ಇನ್ನಷ್ಟು ಮುಳುಗುತ್ತಿದ್ದೆ.

ಕೊಣ್ಣೂರ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಕ್ಕೀದಿಷ್ಟು, ಹಾವಿಂದಿಷ್ಟು, ನಮ್ದಿಷ್ಟು. ಹೊಲದದ್ದು ಅಂತ ನೀವ ಹೇಳಿದ್ರಲ್ರೀ!”

ಈಗ ನಾನು ನಾಟಕದ ಸಾಮಾನಿನ ಕೋಣೆಯಲ್ಲಿದ್ದೇನೆ, ರಟ್ಟಿನ ಕಿರೀಟ ಮತ್ತು ಅಂಟಿಸುವ ಮೀಸೆಗಳ ನಡುವೆ. ಮೇಡಂ ತಾವೇ ಎತ್ತಿಕೊಂಡು ಬಂದು ಇಟ್ಟರು. ಇಟ್ಟವರು ಕೂಡಲೇ ಹೋಗಲಿಲ್ಲ.

“ನಾವ ಮಾಡಿಸಿದ ಮಾದರಿ ಅಂದಿದ್ರ ಒಪ್ಕೋತಿದ್ರು. ಕಪಾಟಿನ್ಯಾಗ ಉಳೀತಿದ್ದಿ,” ಅಂದರು. “ನಿನ್ನ ಸುಳ್ಳು ಅನ್ನಾಕ ನನಗ ಬಾಯಿ ಬರಲಿಲ್ಲ ನೋಡು.”

ಅಂದುಬಿಡಬೇಕಿತ್ತು, ಮೇಡಂ. ನಾನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.