ಗಾಜಿನ ಮೇಲೊಂದು ಅಡಿಕೆ

ಅನ್ಸಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಬೇಕು? ಪುತ್ತೂರಿನ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಫಿಸಿಕ್ಸ್ ಕಲಿಸುವವಳು ನಾನು. ಅವಳು ನೆಲ್ಯಾಡಿಯಿಂದ ಬಂದು ಎರಡು ವರ್ಷ ಆಗಲಿಲ್ಲ. ಆದರೂ ನಮ್ಮ ವಿಭಾಗದ ಮುಖ್ಯಸ್ಥರು ಜಯಪ್ರಕಾಶ್ ಸರ್ ಬಾಯಿ ತೆರೆದರೆ ಅನ್ಸಿ, ಅನ್ಸಿ. ಮುಂಬೈ ಸಮ್ಮೇಳನಕ್ಕೆ ಇಲ್ಲಿಂದ ಒಬ್ಬರೇ ಹೋಗುದು. ಅದೂ ಅವಳೇ ಅಂತೆ.

ಅವಳ ವಿಷಯ ಅಣುಶಕ್ತಿಯಿಂದ ನಡೆಯುವ ಲೇಸರ್. ರಿಯಾಕ್ಟರಿನ ವಿಕಿರಣವೇ ಅದಕ್ಕೆ ಶಕ್ತಿ. ಬೆಳಕು ಹೊರಗೆ ಬರಬೇಕಾದ ಗಾಜನ್ನು ಕಂದು ಮಾಡಿ ಹಾಳು ಮಾಡುದೂ ಅದೇ ವಿಕಿರಣ. ಗಾಮಾ ಕಿರಣಕ್ಕೆ ಒಡ್ಡಿ ತರಿಸಿದ ನಾಲ್ಕು ಗಾಜಿನ ಬಿಲ್ಲೆ ಅವಳಲ್ಲಿ ಉಂಟು, ಕಾಫಿ ಡಿಕಾಕ್ಷನ್ನಿನ ಬಣ್ಣ. ಮುಟ್ಟಿದರೆ ಎಂತದೂ ಆಗುದಿಲ್ಲ.

ತಾಯಿಗೆ ಹುಷಾರಿಲ್ಲ ಅಂತ ಊರಿಗೆ ಹೊರಟವಳು ಆ ಬಿಲ್ಲೆಗಳ ಡಬ್ಬಿ ನನ್ನ ಕೈಗೆ ಕೊಟ್ಟಳು. "ಕತ್ತಲೆಯಲ್ಲೇ ಇಡಿ ಅಕ್ಕ. ನಿಮ್ಮಷ್ಟು ನಂಬಿಕೆ ಬೇರೆ ಯಾರ ಮೇಲೂ ಇಲ್ಲ."

ಅದನ್ನೂ ಹೇಳಬೇಕಿತ್ತಾ ಇವಳು?

ಕತ್ತಲೆಯಲ್ಲಿ ಇಡಿ ಅಂದರೆ ಬಿಸಿಲಿಗೆ ಹಾಕಿದರೆ ಕೆಡುತ್ತದೆ ಅಂತಲೇ ಅರ್ಥ. ಕೆದಂಬಾಡಿಯ ನಮ್ಮ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಮೂಲೆಯಲ್ಲಿ ಆ ಬಿಲ್ಲೆಗಳನ್ನೂ ಹರಡಿದೆ. ಹೊಳೆಯುವುದನ್ನು ಕಾಗೆ ಬಿಡುದಿಲ್ಲವಲ್ಲ, ಒಂದೊಂದರ ಮೇಲೆ ಸೀಳಿದ ಅಡಿಕೆಯ ಒಂದೊಂದು ಹೋಳು ಬೋರಲು ಇಟ್ಟೆ. ಆರು ದಿನದ ನಂತರ, ಮುಸ್ಸಂಜೆಗೆ, ಸರಿಯಾಗಿ ನೋಡದೆ ಡಬ್ಬಿಗೆ ತುಂಬಿದೆ.

ಅನ್ಸಿ ಲ್ಯಾಬಿನಲ್ಲಿ ನನ್ನೆದುರೇ ಡಬ್ಬಿ ತೆರೆದಳು. ಒಂದು ಬಿಲ್ಲೆಯನ್ನು ಕಿಟಕಿಗೆ ಹಿಡಿದಳು. ಗಾಜು ತಿಳಿಯಾಗಿತ್ತು. ನಡುವೆ ಮಾತ್ರ ಮೊಟ್ಟೆಯಾಕಾರದ ಕಂದು ಗುರುತು ಹಾಗೇ ಉಳಿದಿತ್ತು.

"ಅಕ್ಕ, ಇದು ಅಡಿಕೆಯಲ್ವಾ?"

ಅವರ ಮನೆಯಂಗಳದಲ್ಲೂ ಅಡಿಕೆ ಒಣಗಿಸ್ತಾರೆ ಅನ್ನುವುದು ನನಗೆ ಮರೆತೇ ಹೋಗಿತ್ತು.

"ಹೌದು," ಎಂದೆ. "ಬೇಕೂಂತಲೇ ಇಟ್ಟದ್ದು."

ಅವಳು ಉಳಿದ ಮೂರು ಬಿಲ್ಲೆಗಳನ್ನೂ ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದಳು. ಆಮೇಲೆ ಗಾಜನ್ನೇ ನೋಡುತ್ತಾ ಹೇಳಿದಳು: "ಬಿಸಿಲಿಗೆ ಬಣ್ಣ ಹೋಗುದು ಬಿಸಿಯಿಂದಲೋ ಬೆಳಕಿನಿಂದಲೋ ಅಂತ ಗೊತ್ತಿರಲಿಲ್ಲ. ಬಿಸಿ ಇಡೀ ಗಾಜಿಗೆ ತಾಗಿದೆ. ಅಡಿಕೆ ಕೂತಲ್ಲಿ ಮಾತ್ರ ಬೆಳಕು ಬೀಳಲಿಲ್ಲ, ಅಲ್ಲಿ ಮಾತ್ರ ಬಣ್ಣ ಹೋಗಲಿಲ್ಲ. ಅಂದರೆ ಗಾಜನ್ನು ಸರಿ ಮಾಡಿದ್ದು ಬೆಳಕು. ಲೇಸರಿನ ಬೆಳಕೇ ಅದರ ಗಾಜನ್ನು ತಿಳಿ ಮಾಡಬಹುದಾ ಅಂತ ಇನ್ನು ನೋಡಬೇಕು."

ಅದನ್ನೇ ಹಿಡಿದುಕೊಂಡು ಮುಂಬೈಗೆ ಹೋದಳು, ಹೆಸರು ಮಾಡಿ ಬಂದಳು. ಲೇಖನದಲ್ಲಿ ನನ್ನ ಹೆಸರೂ ಹಾಕಿದ್ದಾಳೆ, ಅವಳದರ ಕೆಳಗೆ. ಎರಡು ಮಾತು ಬೈದಿದ್ದರೆ ಸಾಕಿತ್ತು ಮಾರಾಯ್ರೆ.

ಈಗಲೂ ಅಕ್ಕ ಅಂತಲೇ ಕರೆಯುತ್ತಾಳೆ. ಊರಿಗೆ ಹೋಗುವಾಗ ಮಾತ್ರ ಡಬ್ಬಿಯನ್ನು ತನ್ನ ಬ್ಯಾಗಿನಲ್ಲೇ ಒಯ್ಯುತ್ತಾಳೆ.