ಅಕ್ಕನ ಮನೆಯ ಜನರೇಟರ್

ಮೆಕ್ಯಾನಿಕ್ ಹ್ಯಾಂಡಲನ್ನು ಕಿತ್ತು ನೆಲಕ್ಕೆ ಎಸೆದ. ಇದು ಎಂಟನೇ ಸಲ. ಎಂಟು ಸಲವೂ ಆ ಜನರೇಟರ್ ಗುಡುಗುಡು ಅಂತ ನಾಲ್ಕು ಸುತ್ತು ತಿರುಗಿ, ಫುಸ್ ಅಂತ ನಿಂತುಬಿಟ್ಟಿತ್ತು. "ನಿನ್ನ ಮನೆ ಹಾಳಾಗ!" ಅಂತ ಬೈದ. ಆಮೇಲೆ ಅದು ಸ್ವಂತ ಅಕ್ಕನ ಮನೆ ಅನ್ನೋದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಮಟಮಟ ಮಧ್ಯಾಹ್ನ. ಬೀದಿ ತುದಿಯ ಟ್ರಾನ್ಸ್‌ಫಾರ್ಮರ್ ಹನ್ನೊಂದಕ್ಕೇ ಢಮಾರ್ ಅಂದಿತ್ತು. ಲೈನ್‌ಮನ್‌ಗಳನ್ನು ಕೇಳಿದರೆ "ಸಂಜೆ ಬಂದ್ರೂ ಬರಬಹುದು, ನಾಳೆ ಬಂದ್ರೂ ಬರಬಹುದು" ಅನ್ನೋ ಮಹಾ ಉತ್ತರ. ನಡುಮನೆಯಲ್ಲಿ ಅಕ್ಕ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದಳು. ಅವಳ ಆಮ್ಲಜನಕದ ಯಂತ್ರಕ್ಕೆ ಕರೆಂಟ್ ಬೇಕು. ಈಗ ಉಳಿದದ್ದು ಒಂದು ಪುಟ್ಟ ಸಿಲಿಂಡರ್, ಅದರ ಮುಳ್ಳೂ ಕೆಂಪಿನ ಹತ್ತಿರ ಬಂದಿತ್ತು. ಆಂಬುಲೆನ್ಸ್‌ನವರು ಎರಡು ಗಂಟೆ ಅಂದಿದ್ದರು. ಸಿಲಿಂಡರ್ ಅರ್ಧ ಗಂಟೆ ಬಂದರೆ ಹೆಚ್ಚು.

"ಮಾವ, ಆಯ್ತಾ?" ಒಳಗಿಂದ ಅಕ್ಕನ ಮಗಳು ಕೂಗಿದಳು.

"ಆಗ್ತಾ ಇದೆ, ನೀನು ಅಮ್ಮನ್ನ ನೋಡ್ಕೋ!"

ಏನು ಆಗ್ತಾ ಇತ್ತು, ಮಣ್ಣು! ಟ್ಯಾಂಕಿನಲ್ಲಿ ಡೀಸೆಲ್ ಇತ್ತು. ಡೀಸೆಲ್ ಬಿಡೋ ಕಾಕ್ ತೆರೆದಿತ್ತು. ಡೀಸೆಲ್ ಫಿಲ್ಟರಿನ ನಟ್ ಸಡಿಲಿಸಿ, ಗುಳ್ಳೆ ಬರೋದು ನಿಲ್ಲೋವರೆಗೂ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಟ್ಟಿದ್ದ. ಪೈಪ್ ಬಿಚ್ಚಿ ನೋಡಿದರೆ ಡೀಸೆಲ್ ಚಿಮ್ಮಿ ಅಂಗಿಯೆಲ್ಲ ಒದ್ದೆ. ಮೂವತ್ತು ವರ್ಷ ಇದೇ ಕಸುಬು ಮಾಡಿದ ಮನುಷ್ಯ, ಊರಿನವರ ಯಂತ್ರಗಳಿಗೆಲ್ಲ ಜೀವ ಕೊಟ್ಟವನು, ತನ್ನ ತಾಯಿ ಸತ್ತಾಗ ಆರು ವರ್ಷದವನನ್ನು ಸೊಂಟಕ್ಕೆ ಏರಿಸಿಕೊಂಡು ಬೆಳೆಸಿದ ಅಕ್ಕನ ಮನೆಯಲ್ಲಿ ಪೆಚ್ಚಾಗಿ ನಿಂತಿದ್ದ.

ಒಂಬತ್ತನೇ ಸಲ ಹ್ಯಾಂಡಲ್ ಹಾಕಿದ. ತಿರುಗಿಸಿದಷ್ಟು ಹೊತ್ತೂ ಒಳಗೆ ಅಕ್ಕ ಕೆಮ್ಮಿದಳು. ನಿಲ್ಲಿಸಿದ, ಅವಳೂ ನಿಲ್ಲಿಸಿದಳು. ಮತ್ತೆ ತಿರುಗಿಸಿದ, ಮತ್ತೆ ಕೆಮ್ಮು. ಸದ್ದಿಗೆ ಎಚ್ಚರವಾಗುತ್ತೇನೋ ಪಾಪ, ಅಂದುಕೊಂಡ.

ಮೆಕ್ಯಾನಿಕ್‌ಗಳ ಹತ್ತಿರ ಒಂದು ವಿದ್ಯೆ ಇದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರೆ ಅದರ ಹೊಟ್ಟೆಯೊಳಗಿನ ಸದ್ದೆಲ್ಲ ಕೇಳುತ್ತದೆ. ಅವನೂ ಹಾಗೇ ಇಟ್ಟುಕೊಂಡು ಒಂದು ಕೈಯಲ್ಲಿ ಹ್ಯಾಂಡಲ್ ತಿರುಗಿಸಿದ. ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ 'ಕಿರ್' ಅಂದಿತು, ಸರಿಯಾಗೇ ಇದೆ. ಹ್ಯಾಂಡಲ್ ಬಿಟ್ಟ. ಎಂಜಿನ್ ನಿಂತಿತು.

ಆದರೆ ಸದ್ದು ನಿಲ್ಲಲಿಲ್ಲ.

ಹಗುರವಾಗಿ ಒಳಗೆ ಎಳೆದುಕೊಳ್ಳೋದು, ಸ್ವಲ್ಪ ತಡೆಯೋದು, ಕೊನೆಗೆ ಸಣ್ಣ ಸಿಳ್ಳಿನ ಜೊತೆ ಹೊರಗೆ ಬಿಡೋದು. ಆ ಸಿಳ್ಳು ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕನ ಪಕ್ಕ ಮಲಗಿ ದಿನಾ ಕೇಳಿದ ಸಿಳ್ಳು ಅದು. ನೆಲದಿಂದ ಬರ್ತಿರಬಹುದು ಅಂತ ಸ್ಕ್ರೂಡ್ರೈವರನ್ನು ನೆಲಕ್ಕೆ ಒತ್ತಿದ, ಏನೂ ಇಲ್ಲ. ನಡುಮನೆಯ ಗೋಡೆಗೆ ಒತ್ತಿದ, ಅಲ್ಲೂ ಇಲ್ಲ. ಮತ್ತೆ ಎಂಜಿನ್ನಿಗೆ ಇಟ್ಟ. ತಣ್ಣಗೆ ಕೂತ ಆ ಕಬ್ಬಿಣದೊಳಗೆ ಅಕ್ಕ ಉಸಿರಾಡುತ್ತಿದ್ದಳು. ಎಳೆದುಕೊಳ್ಳೋದು ಮಾತ್ರ ಗಳಿಗೆ ಗಳಿಗೆಗೂ ಮೊಟಕಾಗುತ್ತಿತ್ತು.

"ಮಾವ! ಅಮ್ಮಂಗೆ ಉಸಿರು ಒಳಗೇ ಹೋಗ್ತಿಲ್ಲ! ಬಾಯಿ ಬಾಯಿ ಬಿಡ್ತಿದಾರೆ!"

"ಸಿಲಿಂಡರ್ ಮುಗೀತಾ?"

"ಇಲ್ಲ ಮಾವ, ಇನ್ನೂ ಇದೆ! ಆದ್ರೂ ಎಳೆಯೋಕಾಗ್ತಿಲ್ಲ!"

ಉಸಿರು ಒಳಗೆ ಹೋಗ್ತಿಲ್ಲ. ಅಯ್ಯೋ ದಡ್ಡ, ಅಂತ ಹಣೆ ಚಚ್ಚಿಕೊಂಡ. ಡೀಸೆಲ್ ನೋಡಿದ್ದ, ಇಂಜೆಕ್ಟರ್ ನೋಡಿದ್ದ, ಗಾಳಿ ಹೋಗೋ ದಾರಿಯನ್ನೇ ನೋಡಿರಲಿಲ್ಲ! ಏರ್ ಫಿಲ್ಟರಿನ ಬಟ್ಟಲನ್ನು ತಿರುಗಿಸಿ ಬಿಚ್ಚಿದ. ಕೊಳವೆಯ ಬಾಯಿಗೆ ಬಟ್ಟೆಯ ಉಂಡೆಯೊಂದು ಬಿಗಿಯಾಗಿ ತುರುಕಿಕೊಂಡಿತ್ತು.

ತುರುಕಿದವನು ಬೇರೆ ಯಾರೂ ಅಲ್ಲ. ಆರು ವಾರದ ಹಿಂದೆ ಸರ್ವಿಸ್ ಮಾಡುವಾಗ ಧೂಳು ಬೀಳದಿರಲಿ ಅಂತ ಅವನೇ ಇಟ್ಟದ್ದು. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಫೋನ್ ಬಂತು. ಬಟ್ಟೆ ತೆಗೆಯದೆ ಬಟ್ಟಲು ಮುಚ್ಚಿ, ಒಂದ್ಸಲ ಓಡಿಸಿಯೂ ನೋಡದೆ ಹೊರಟುಬಿಟ್ಟಿದ್ದ. ಹೊರಗಿನವರ ಮನೆಯಾಗಿದ್ದರೆ ಹಾಗೆ ಮಾಡ್ತಿದ್ದನೇ? ಅಕ್ಕನ ಮನೆ ತಾನೇ, ಅನ್ನೋ ಸಲಿಗೆ.

ಉಂಡೆಯನ್ನು ಎಳೆದು ತೆಗೆದ. ಅದೇ ಗಳಿಗೆಗೆ ಒಳಗಿಂದ ಉದ್ದನೆಯ ಉಸಿರೊಂದು ಹಿತ್ತಿಲಿನವರೆಗೂ ಕೇಳಿಸಿತು.

ಹ್ಯಾಂಡಲ್ ಹಾಕಿ ಎರಡೇ ಸುತ್ತು. ಜನರೇಟರ್ ಢಬಢಬ ಅಂತ ಶುರುವಾಯಿತು. ಒಳಗೆ ಯಂತ್ರ ಬೀಪ್ ಅಂದಿತು. ಅವನು ಒಳಗೆ ಓಡಿದ. ಅಕ್ಕನ ತುಟಿಗೆ ಬಣ್ಣ ಮರಳುತ್ತಿತ್ತು. ಐವತ್ತೆರಡು ವರ್ಷದ ತಮ್ಮನನ್ನು ನೋಡಿ ಅವಳು ಮೆಲ್ಲಗೆ ನಕ್ಕಳು.

"ಪುಟ್ಟಾ, ಬಾಯೊಳಗೆ ಯಾರೋ ಬಟ್ಟೆ ತುರುಕಿದ್ರು ಕಣೋ. ಬರೀ ಡೀಸೆಲ್ ವಾಸನೆ. ಈಗ ಬಿಟ್ರು ನೋಡು."

ಅವನು ಮಂಚದ ಅಂಚಿಗೆ ಕೂತ. "ಅಕ್ಕಂಗೆ ಉಸಿರಿನ ತೊಂದರೆ ಜಾಸ್ತಿ ಆಗಿದ್ದು ಯಾವಾಗಿಂದ?" ಅಂತ ಅಕ್ಕನ ಮಗಳನ್ನು ಕೇಳಿದ.

"ಆರು ವಾರ ಆಯ್ತಲ್ಲ ಮಾವ. ನೀವು ಬಂದು ಹೋದ ರಾತ್ರಿಯಿಂದ. ಆಮೇಲೇ ಈ ಯಂತ್ರ ತಂದಿದ್ದು."



ಅಕ್ಕ ಚೇತರಿಸಿಕೊಂಡ ಮೇಲೆ ಆಂಬುಲೆನ್ಸನ್ನು ಖಾಲಿ ವಾಪಸ್ ಕಳಿಸಿದರು. ಸಂಜೆ ಐದಕ್ಕೆ ಕರೆಂಟ್ ಬಂತು. ಬೀದಿಯಲ್ಲಿ ಹೋ ಅಂದರು, ಫ್ಯಾನುಗಳು ತಿರುಗಿದವು. ಅಕ್ಕನ ಮಗಳು ಯಂತ್ರದ ಪ್ಲಗ್ಗನ್ನು ಗೋಡೆಗೆ ಬದಲಾಯಿಸಿ, "ಜನರೇಟರ್ ಆರಿಸಿಬಿಡಿ ಮಾವ, ಡೀಸೆಲ್ ತಳಕ್ಕೆ ಬಂದಿರಬೇಕು" ಅಂದಳು.

ಅವನು ಹಿತ್ತಿಲಿಗೆ ಹೋಗಿ ಸ್ಟಾಪ್ ಲಿವರ್ ಮೇಲೆ ಬೆರಳಿಟ್ಟ. ಒಂದು ಚೂರು ಒತ್ತಿದ. ಎಂಜಿನ್ ಸದ್ದು ತಗ್ಗಿತು. ಒಳಗೆ, ಕರೆಂಟಿದ್ದರೂ, ಯಂತ್ರ ನಡೆಯುತ್ತಿದ್ದರೂ, ಅಕ್ಕನ ಮಾತು ಅರ್ಧಕ್ಕೇ ನಿಂತಿತು. ಬೆರಳು ಕಿತ್ತುಕೊಂಡ. ಎಂಜಿನ್ ಮೇಲೆದ್ದಿತು, ಅಕ್ಕ ಬಿಟ್ಟಲ್ಲಿಂದಲೇ ಮಾತು ಮುಂದುವರಿಸಿದಳು. ಮಧ್ಯಾಹ್ನ ನಿಂತ ಎಂಜಿನ್ನಿನೊಳಗೂ ಇದ್ದ ಉಸಿರು, ಈಗ ಅದರ ಓಟಕ್ಕೇ ಕಟ್ಟಿಬಿದ್ದಿತ್ತು.

"ಆರಿಸೋ ಪುಟ್ಟಾ, ಆ ಸದ್ದಿಗೆ ತಲೆ ಸಿಡೀತಿದೆ!" ಅಂತ ಅವಳೇ ಕೂಗಿದಳು.

ಹುಟ್ಟಿದಾಗಿನಿಂದ ಅಕ್ಕನ ಮಾತು ಮೀರಿದವನಲ್ಲ ಅವನು. ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ. ಎರಡು ಬೆರಳಿನಷ್ಟು ಉಳಿದಿತ್ತು.

"ಕ್ಯಾನ್ ಎಲ್ಲಮ್ಮಾ ಇದೆ?" ಅಂತ ಅಕ್ಕನ ಮಗಳನ್ನು ಕೇಳಿದ. "ಇದ್ದಬದ್ದ ಕ್ಯಾನೆಲ್ಲ ಕೊಡು. ನಾನು ಬರೋವರೆಗೂ ಇದನ್ನ ಯಾರೂ ಮುಟ್ಟಬೇಡಿ."