ಗುರುವಾಯನಕೆರೆಯವರೆಗಿನ ನಿದ್ದೆ

ಬಿ.ಸಿ.ರೋಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಅಬ್ದುಲ್ ರವೂಫರು ಆ ಸಂಜೆ ಚಾರ್ಮಾಡಿ ಬಸ್ಸು ಹತ್ತುವಾಗ ಬಹಳ ಒಳ್ಳೆಯ ಮನುಷ್ಯರಾಗಿದ್ದರು. ಬೆಳಿಗ್ಗೆಯಿಂದಲೇ ಆಗಿದ್ದರು ಎನ್ನಿ. ಮುಂಡಾಜೆಯ ಮನೆಯಿಂದ ಬಸ್ಸಿನಲ್ಲಿ ಬರುವಾಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬರಿಗೆ ತಮ್ಮ ಸೀಟು ಬಿಟ್ಟುಕೊಟ್ಟಿದ್ದರು. ಯಾರೋ ಕಾಲೇಜು ಹುಡುಗಿ ಅದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದ್ದಳು. ಅದು ಊರೆಲ್ಲ ಸುತ್ತಿ ಮಧ್ಯಾಹ್ನದ ಊಟದ ಹೊತ್ತಿಗೆ ರವೂಫರ ಫೋನಿಗೇ ಬಂದು ಬಿದ್ದಿತ್ತು. ಅಂಗೈಯಗಲದ ಪರದೆಯಲ್ಲಿ ಬಿಳಿ ಶರ್ಟಿನವರೊಬ್ಬರು ಏಳುತ್ತಾರೆ, ನಗುತ್ತಾರೆ, ಕಂಬ ಹಿಡಿದು ನಿಲ್ಲುತ್ತಾರೆ. ಎಷ್ಟು ಚೆಂದದ ಮನುಷ್ಯ! ಗಿರಾಕಿಗಳು ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದಕ್ಕೆ ಕಾದು ನಿಂತಿದ್ದರೂ ರವೂಫರು ಅದನ್ನೇ ಮತ್ತೆ ಮತ್ತೆ ನೋಡಿದರು.

ಸಂಜೆಯ ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪುಂಜಾಲಕಟ್ಟೆಯಲ್ಲಿ ಜನ ನುಗ್ಗಿದರು. ಅವರ ನಡುವೆ ಕಾಂತಿಯಕ್ಕ, ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಕೈಯಲ್ಲೊಂದು ಚೀಲ ಹಿಡಿದು, ಒಂದೊಂದೇ ಮೆಟ್ಟಿಲು ಏರಿ ಬಂದರು. ಕಕ್ಕಿಂಜೆಯವರು, ರವೂಫರ ಅಂಗಡಿಯ ಹಳೆಯ ಗಿರಾಕಿ. ಮೆತ್ತನೆಯ ಅಟ್ಟೆಯ ಚಪ್ಪಲಿಗೆಂದೇ ಬರುವವರು.

ರವೂಫರು ಅವರನ್ನು ನೋಡಿದರು. ನೋಡಿದ್ದೇ ಕಣ್ಣು ಮುಚ್ಚಿಕೊಂಡಿತು. ತಾನು ಮುಚ್ಚಿದ್ದಲ್ಲ, ರೆಪ್ಪೆಯೇ ಇಳಿಯಿತು ಎಂದು ಅವರು ಆಣೆ ಹಾಕಿ ಹೇಳಿಯಾರು. ಬೆಳಿಗ್ಗೆ ಎದ್ದು ಕೊಟ್ಟಿದ್ದೇನಲ್ಲ, ದಿನಕ್ಕೆ ಎಷ್ಟು ಸಲ ಏಳುವುದು ಮನುಷ್ಯ?

"ರವೂಫಾಕ! ಓ ರವೂಫಾಕ!" ಕಂಡಕ್ಟರ್ ಉಜ್ವಲ್ ಭುಜ ತಟ್ಟಿದ.

"ಏ, ಎಬ್ಬಿಸಬೇಡ ಮಾರಾಯ," ಕಾಂತಿಯಕ್ಕನ ಸ್ವರ ಪಕ್ಕದಲ್ಲೇ ಕೇಳಿತು. "ದಿನ ಇಡೀ ಊರಿನವರ ಕಾಲು ಹಿಡಿದು ಸಾಕಾಗಿರ್ತದೆ ಪಾಪ. ಎಚ್ಚರ ಇದ್ದಿದ್ದರೆ ಅವರು ಕೂತುಕೊಳ್ಳುವ ಜನವೇ ಅಲ್ಲ."

"ಅದು ಹೌದು. ವಿಡಿಯೋ ನೋಡಿದ್ರಾ? ನಮ್ಮ ಬಸ್ಸೇ ಅದು."

ಇನ್ನು ಕಣ್ಣು ಬಿಡುವುದು ಹೇಗೆ? ಮುಂದಿನ ಸ್ಟಾಪಿನಲ್ಲಿ ಎಚ್ಚರವಾದವನಂತೆ ಏಳುವ ಎಂದುಕೊಂಡರು. ಸ್ಟಾಪು ಬಂತು, ಹೋಯಿತು. ಅದರ ಮುಂದಿನದ್ದೂ ಹೋಯಿತು. ಮುಚ್ಚಿದ ರೆಪ್ಪೆಯ ಮೇಲೆ ಇಳಿಬಿಸಿಲು ಕೆಂಪಾಗಿ ಬೀಳುತ್ತಿತ್ತು. ಮರ ಬಂದರೆ ಕಪ್ಪು, ಮರ ದಾಟಿದರೆ ಮತ್ತೆ ಕೆಂಪು. ಮಡಂತ್ಯಾರಿನ ಬೇಕರಿಯ ಬಿಸಿ ಬನ್ನಿನ ವಾಸನೆ ಒಳಗೆ ಬಂದು ಎಲ್ಲರ ತಲೆಯ ಮೇಲೆ ಸ್ವಲ್ಪ ಹೊತ್ತು ನಿಂತು ಇಳಿದುಹೋಯಿತು. ಬಸ್ಸು ದೋಣಿಯಂತೆ ತೂಗುತ್ತಿತ್ತು. ಸುಳ್ಳು ನಿದ್ದೆಯ ಅಡಿಯಲ್ಲಿ ಎಲ್ಲೋ ನಿಜದ ನಿದ್ದೆಯೊಂದು ಬಾಯಿ ತೆರೆದು ಕಾದಿತ್ತು, ಅವರು ಅದರೊಳಗೆ ಜಾರಿದರು.

ಅಲ್ಲಿಯೂ ಬಸ್ಸೇ. ಪ್ರತಿ ಸೀಟಿನಲ್ಲೂ ರವೂಫರು, ಎಲ್ಲರದೂ ಕಣ್ಣು ಮುಚ್ಚಿದೆ. ನಿಂತವರು ಒಬ್ಬರೇ, ವಿಡಿಯೋದ ಬಿಳಿ ಶರ್ಟಿನವರು. ನಗುತ್ತ ನಗುತ್ತ ಒಂದೊಂದು ಸೀಟಿನ ಬಳಿ ಬಗ್ಗಿ, "ಸ್ವಲ್ಪ ಜಾಗ ಕೊಡ್ತೀರಾ? ಬೆಳಿಗ್ಗೆಯಿಂದ ನಿಂತಿದ್ದೇನೆ" ಎಂದು ಕೇಳುತ್ತಾರೆ. ಯಾವ ರವೂಫರೂ ಮಿಸುಕುವುದಿಲ್ಲ.

ತೊಡೆಯ ಮೇಲೆ ಏನೋ ಭಾರ ಇಳಿಯಿತು. ಕನಸು ಒಡೆಯಿತು, ಕಣ್ಣು ಮಾತ್ರ ತೆರೆಯಲಿಲ್ಲ.

"ಇದೊಂದು ಇಲ್ಲಿರಲಿ, ಅವರಿಗೆ ಗೊತ್ತಾಗುವುದಿಲ್ಲ," ಎನ್ನುತ್ತಿದ್ದರು ಕಾಂತಿಯಕ್ಕ. "ಮಣ್ಣಿನ ಬಿಸಲೆ. ಮೀನು ಸಾರು ಅದರಲ್ಲೇ ಕುದಿಯಬೇಕು ನಮ್ಮ ಮನೆಯ ಯಜಮಾನರಿಗೆ. ಹಳೆಯದ್ದು ಬಿರುಕು ಬಿಟ್ಟಿತು, ಅವರ ಮುಖ ನೋಡಲಿಕ್ಕಾಗುವುದಿಲ್ಲ."

ಗುರುವಾಯನಕೆರೆಯಲ್ಲಿ ರಿಕ್ಷಾವೊಂದು ಅಡ್ಡ ನುಗ್ಗಿತು. ಡ್ರೈವರ್ ಬ್ರೇಕು ಒತ್ತಿದ, ಇಡೀ ಬಸ್ಸು ಮುಂದಕ್ಕೆ ವಾಲಿತು. ಚೀಲ ಜಾರಿತು. ರವೂಫರ ಎರಡೂ ಕೈ ಹಾರಿ ಬಂದು ಅದನ್ನು ಎದೆಗೆ ಅವಚಿಕೊಂಡವು. ನಿಂತವರ ಚೀಲವನ್ನು ಮಡಿಲಲ್ಲಿಟ್ಟು ಕಾಯ್ದು ಅಭ್ಯಾಸವಾದ ಕೈ. ತನ್ನ ಒಡೆಯರು ನಿದ್ದೆಯ ನಾಟಕದಲ್ಲಿದ್ದಾರೆಂದು ಆ ಕೈಗೆ ಯಾರೂ ಹೇಳಿರಲಿಲ್ಲ.

"ಒಡೆಯಿತಾ ಕಾಂತಿಯಕ್ಕ?" ಉಜ್ವಲ್ ಬಾಗಿಲಿನಿಂದ ಕೂಗಿದ.

"ಇಲ್ಲ ಮಾರಾಯ."

"ರವೂಫಾಕ ಎದ್ದರಾ?"

ಕಾಂತಿಯಕ್ಕ ತುಸು ತಡೆದರು. "ಇಲ್ಲ. ಒಳ್ಳೆ ನಿದ್ದೆ." ಆಮೇಲೆ ಅವರ ಉಸಿರು ರವೂಫರ ಕಿವಿಯ ಹತ್ತಿರ ಬಂತು. "ಮಲಗಿ, ಮಲಗಿ. ನಾನು ಯಾರಿಗೂ ಹೇಳುವುದಿಲ್ಲ."

ಮುಂಡಾಜೆಯ ತನಕ ಹೀಗೆಯೇ ಹೋಗಬಹುದಿತ್ತು. ಬಸ್ಸಿನವರಿಗೆ ಬೆಳಿಗ್ಗೆಯ ರವೂಫಾಕನೇ ಉಳಿಯುತ್ತಿದ್ದರು. ಆದರೆ ಅಷ್ಟು ಮೆಲ್ಲಗೆ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ ಹೇಳಿದ ಆ "ಮಲಗಿ"ಯನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಕಣ್ಣು ಬಿಟ್ಟರು. ಬೆಳಕು ಚುಚ್ಚಿತು.

"ನಾನು ಮಲಗಿದ್ದಲ್ಲ ಕಾಂತಿಯಕ್ಕ. ನೀವು ಹತ್ತುವಾಗಲೇ ನೋಡಿದ್ದೆ." ಸ್ವರ ಎಣಿಸಿದ್ದಕ್ಕಿಂತ ದೊಡ್ಡದಾಗಿ ಹೊರಟು ಇಡೀ ಬಸ್ಸಿಗೆ ಕೇಳಿಸಿತು.

"ಅಯ್ಯೋ ದೇವರೇ!" ಉಜ್ವಲ್ ತಲೆಗೆ ಕೈ ಹೊಡೆದುಕೊಂಡ. "ಬೆಳಿಗ್ಗೆ ಹೀರೋ, ಸಂಜೆಗೆ ವಿಲನ್ನಾ?"

ಹಿಂದಿನ ಸೀಟಿನವರೆಲ್ಲ ನಕ್ಕರು. ರವೂಫರ ಕಿವಿ ಬಿಸಿಯಾಯಿತು. "ಹೇಳಬೇಕು ಅಂತ ಇರಲಿಲ್ಲ," ಎಂದರು ಕಾಂತಿಯಕ್ಕ.

"ನನಗೋಸ್ಕರ ನೀವು ಸುಳ್ಳು ಹೇಳಿದಿರಲ್ಲ, ಅದು ಕೇಳಿ ನನಗೆ..."

"ಏಳುವುದಾದರೆ ಬೇಗ ಏಳಿ ಮಾರಾಯ್ರೆ, ಭಾಷಣ ಆಮೇಲೆ. ಕಾಲು ನೋಯ್ತದೆ."

ಎದ್ದರು. ಕಾಂತಿಯಕ್ಕ ಕೂತು, ಚೀಲ ಮಡಿಲಿಗೆಳೆದುಕೊಂಡು, ಮೊಣಕಾಲು ನೀವಿಕೊಂಡರು. ರವೂಫರು ಕಂಬ ಹಿಡಿದು ಕಾದರು. ಇಷ್ಟು ವರ್ಷ ಸೀಟು ಬಿಟ್ಟುಕೊಟ್ಟಾಗಲೆಲ್ಲ ಒಂದು ಮಾತೋ, ಒಂದು ನಗುವೋ ಬರುತ್ತಿತ್ತು. ಇವತ್ತು ಬರಲಿಲ್ಲ. ಬೆಳ್ತಂಗಡಿ ಬಂತು, ಉಜಿರೆ ದಾಟಿತು. ಯಾರೂ ಅವರನ್ನು ನೋಡುತ್ತಿರಲಿಲ್ಲ. ಕಾಲಿನ ಹಿಮ್ಮಡಿ ಜೋರಾಗಿ ನೋಯುತ್ತಿತ್ತು. ಈ ನೋವು ಬೆಳಿಗ್ಗೆಯೂ ಇದ್ದಿರಬೇಕು, ಆಗ ಗೊತ್ತೇ ಆಗಿರಲಿಲ್ಲವಲ್ಲ ಎಂದು ಅವರಿಗೆ ಸೋಜಿಗವಾಯಿತು.

ಮುಂಡಾಜೆ ಹತ್ತಿರ ಬರುವಾಗ ಕಾಂತಿಯಕ್ಕನ ತಲೆ ಕಿಟಕಿಗೆ ಒರಗಿತ್ತು, ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ಯಾರೋ ಮುದುಕರು ನಿಂತಿದ್ದರು.

"ಕಕ್ಕಿಂಜೆಯಲ್ಲಿ ಇವರನ್ನು ಎಬ್ಬಿಸು, ಆಯ್ತಾ?" ಇಳಿಯುತ್ತ ರವೂಫರು ಉಜ್ವಲನಿಗೆ ಹೇಳಿದರು.

ಉಜ್ವಲ್ ಬಗ್ಗಿ ನೋಡಿ ಕಣ್ಣು ಮಿಟುಕಿಸಿದ. "ಇದು ನಿಜದ ನಿದ್ದೆಯಾ ರವೂಫಾಕ?"

"ನನಗೆ ಹೇಗೆ ಗೊತ್ತಾಗಬೇಕು ಮಾರಾಯ? ಮಲಗಲಿ, ಬಿಡು."